ಬೀದಿ ಯಾರದು, ಕ್ಯಾಮೆರಾ ಯಾರದು?

(ಹವ್ಯಾಸಿ ಛಾಯಾಗ್ರಾಹಕರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡು ಬೀದಿಗಿಳಿದ ನಿಮ್ಮಲ್ಲಿ ‘ಪರ್ಮಿಷನ್ ಇದೆಯೇನ್ರೀ?’ ಎಂಬ ಮಾತು ಕೇಳದವರು ವಿರಳ. ಯಾರ ಪರ್ಮಿಷನ್, ಯಾವ ನಿಯಮ ಎಂದು ತಿರುಗಿ ಕೇಳಿದರೆ ಮಾತ್ರ ಉತ್ತರವಿಲ್ಲ. ಇದು ನಮ್ಮೂರಿನ ಪಾಡಷ್ಟೇ ಎಂದುಕೊಳ್ಳಬೇಡಿ. ಸಿನಿಮಾಗಳಲ್ಲಿ ನಾವೆಲ್ಲ ಕಂಡ ನ್ಯೂಯಾರ್ಕ್ ನಗರದಲ್ಲೂ ಈ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿತ್ತು, ಏರಿಸಿದವರು ಭಾರತೀಯರೊಬ್ಬರು.

ಒಂದು ಕಾಲಕ್ಕೆ ಅಲ್ಲಿ ಚಿತ್ರೀಕರಣವೆಂದರೆ ಇಲಾಖೆಯಿಂದ ಇಲಾಖೆಗೆ ಅಲೆದಾಟ. 1966ರಲ್ಲಿ ಮೇಯರ್ ಜಾನ್ ಲಿಂಡ್ಸೆ ಇದಕ್ಕೆಂದೇ ಕಚೇರಿ ತೆರೆದು, ಒಂದೇ ಪರವಾನಗಿ ಸಾಕೆಂದರು. ಚಿತ್ರೋದ್ಯಮ ತಮ್ಮತ್ತ ತಿರುಗಲೆಂಬ ವ್ಯಾಪಾರಬುದ್ಧಿಯೂ ಅದರಲ್ಲಿತ್ತೆನ್ನಿ. ದೊಡ್ಡ ಕಂಪನಿಗಳಿಗೆ ಅನುಕೂಲವಾಯಿತು. ಆದರೆ ಸಣ್ಣ ಕ್ಯಾಮೆರಾ ಹಿಡಿದು ಒಂಟಿಯಾಗಿ ನಿಂತವನಿಗೆ ಪರವಾನಗಿ ಬೇಕೋ ಬೇಡವೋ ಎಂಬುದನ್ನು ಯಾರೂ ಸ್ಪಷ್ಟವಾಗಿ ಬರೆದಿಡಲಿಲ್ಲ. ಹಾಗಾಗಿ ಅದು ಎದುರಿಗೆ ನಿಂತ ಪೊಲೀಸಿನವನ ಮರ್ಜಿಗೆ ಬಿಟ್ಟ ವಿಷಯವಾಯಿತು.

2005ರ ಮೇ ತಿಂಗಳು. ಸಾಕ್ಷ್ಯಚಿತ್ರ ನಿರ್ದೇಶಕ ರಾಕೇಶ್ ಶರ್ಮಾ ಮ್ಯಾನ್‌ಹಾಟನ್ನಿನ ಫುಟ್‌ಪಾತಿನಲ್ಲಿ ನಿಂತು, ಟ್ಯಾಕ್ಸಿ ಚಾಲಕರ ಬದುಕನ್ನು ಕುರಿತ ಚಿತ್ರಕ್ಕಾಗಿ ರಸ್ತೆಯ ದೃಶ್ಯಗಳನ್ನು ಸೆರೆಹಿಡಿಯುತ್ತಿದ್ದರು. ಪೊಲೀಸರು ಗಂಟೆಗಟ್ಟಲೆ ತಡೆದಿಟ್ಟು ವಿಚಾರಿಸಿದರು. 2001ರ ಸೆಪ್ಟೆಂಬರ್ ದಾಳಿಯ ಭಯ ಇನ್ನೂ ಆರಿರಲಿಲ್ಲ. ಕಂದು ಮೈಬಣ್ಣದವರ ಮೇಲೆ ಕಣ್ಣು ಹೆಚ್ಚೇ ನೆಟ್ಟಿದ್ದ ದಿನಗಳವು. ಆಮೇಲೆ ಕ್ರಮಪ್ರಕಾರ ಅರ್ಜಿ ಹಾಕಿದರೂ ಅನುಮತಿ ಸಿಗಲಿಲ್ಲ. ನಾಗರಿಕ ಸ್ವಾತಂತ್ರ್ಯ ಸಂಘಟನೆಯೊಂದರ ನೆರವಿನಿಂದ 2006ರಲ್ಲಿ ಅವರು ದಾವೆ ಹೂಡಿದರು. ಮರುವರ್ಷ ನಗರಾಡಳಿತ ರಾಜಿಗೆ ಬಂದು, ನಿಯಮಗಳನ್ನು ಬರೆಯಲು ಒಪ್ಪಿತು.

ಬರೆದದ್ದಾದರೂ ಏನು! 2007ರ ಕರಡಿನ ಪ್ರಕಾರ, ಇಬ್ಬರು ಸೇರಿ ಒಂದೇ ಕಡೆ ಅರ್ಧ ಗಂಟೆಗಿಂತ ಹೆಚ್ಚು ಕ್ಯಾಮೆರಾ ಬಳಸಿದರೆ ಪರವಾನಗಿ ಬೇಕು. ಜೊತೆಗೆ 10 ಲಕ್ಷ ಡಾಲರುಗಳ ವಿಮೆ. ಮಧುಚಂದ್ರಕ್ಕೆ ಬಂದ ದಂಪತಿ ಮೊದಲು ವಿಮಾ ಏಜೆಂಟನನ್ನು ಹುಡುಕಬೇಕಿತ್ತೇನೋ. ಛಾಯಾಗ್ರಾಹಕರೂ ಕಲಾವಿದರೂ ಸಿಡಿದೆದ್ದರು. ಕರಡನ್ನು ತಿದ್ದಲೇಬೇಕಾಯಿತು.

2008ರಲ್ಲಿ ಜಾರಿಗೆ ಬಂದ ನಿಯಮ ಕೇಳಿದ್ದು ಬೇರೆಯದೇ ಪ್ರಶ್ನೆ. ಎಷ್ಟು ಜನ, ಎಷ್ಟು ಹೊತ್ತು ಎಂದಲ್ಲ. ಬೀದಿಯನ್ನು ಎಷ್ಟು ಆಕ್ರಮಿಸುತ್ತೀರಿ ಎಂದು. ಜಾಗ ತನ್ನೊಬ್ಬನದೇ ಎಂದು ಜನರ ದಾರಿ ಕಟ್ಟದಿದ್ದರೆ, ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಪರವಾನಗಿ ಬೇಡ, ಟ್ರೈಪಾಡಿಗೂ ಬೇಡ. ದೀಪ, ಹಳಿ, ವಾಹನಗಳನ್ನು ತಂದು ಬೀಡುಬಿಡುವವರಿಗೆ ಮಾತ್ರ ಪರವಾನಗಿಯೂ ಬೇಕು, ವಿಮೆಯೂ ಬೇಕು.

ಅದರಲ್ಲೊಂದು ತಮಾಷೆಯೂ ಇದೆ. ಪರವಾನಗಿ ಬೇಡದವರೂ ಇಷ್ಟಪಟ್ಟರೆ ಅರ್ಜಿ ಹಾಕಿ ಒಂದು ಐಚ್ಛಿಕ ಪರವಾನಗಿ ಪಡೆಯಬಹುದು. ಬೇಡದ ಕಾಗದ ಯಾಕೆಂದಿರಾ? ಪೊಲೀಸಿನವರು ಬಂದು ಕೇಳಿದಾಗ ತೋರಿಸಲಿಕ್ಕೆ!