ಮನೆಯೂ ಒಕ್ಕಲೂ



ಹೊಸ ಮನೆಯನ್ನು ಮೊದಲ ಬಾರಿಗೆ ಹೊಗುವ ಮಂಗಳಕಾರ್ಯಕ್ಕೆ ಕನ್ನಡದಲ್ಲಿ ‘ಮನೆಯೊಕ್ಕಲು’ ಎಂದು ಹೆಸರು. ಬೇಸಾಯಕ್ಕೆ ‘ಒಕ್ಕಲುತನ’ವೆನ್ನುತ್ತೇವೆ. ಇದ್ದವರನ್ನು ಹೊರಗಟ್ಟಿದರೆ ಅದು ‘ಒಕ್ಕಲೆಬ್ಬಿಸುವುದು’. ವಾಸಕ್ಕೂ ದುಡಿಮೆಗೂ ನಮ್ಮವರು ಒಂದೇ ಮಾತನ್ನು ಬಳಸಿದರು. ಈ ಪದವನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ವಿವರಿಸಿದವನು. ಆದರೆ ಅದರ ಅರ್ಥ ಮನವರಿಕೆಯಾದುದು ಹೊಳೆಸಾಲಿನ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕನಿಂದ.

ನರಗುಂದ, ರೋಣ ತಾಲೂಕುಗಳ ಉತ್ತರದ ಅಂಚಿನಲ್ಲಿ ಮಲಪ್ರಭೆ ಹರಿಯುತ್ತದೆ. ಮೆಣಸಗಿಯ ಬಳಿ ಬೆಣ್ಣಿಹಳ್ಳ ಬಂದು ಅದನ್ನು ಕೂಡುತ್ತದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆಗೆ ಹೊಳೆ ಹಳ್ಳಗಳೆರಡೂ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದವು. ನಮ್ಮ ಕಡೆಯ ಮನೆಗಳ ಗೋಡೆ ಮಣ್ಣಿನದು. ತೊಲೆ ಜಂತಿಗಳ ಮೇಲೆ ಹರವಿದ ಮೇಲ್ಮುದ್ದೆಯೂ ಮಣ್ಣಿನದೇ. ಬುಡ ನೆನೆದ ಗೋಡೆ ನೀರುಂಡ ಮಾಳಿಗೆಯ ಭಾರವನ್ನು ಹೊರಲಾರದು. ಅಕ್ಕನ ಮನೆ ಹಾಗೆಯೇ ಕುಸಿಯಿತು.

‘ಆಸರೆ’ ಯೋಜನೆಯಲ್ಲಿ ಸರ್ಕಾರವೂ ದಾನಿಗಳೂ ಸೇರಿ ಎತ್ತರದ ನೆಲದಲ್ಲಿ ನವಗ್ರಾಮಗಳನ್ನು ಕಟ್ಟಿಸಿದರು. ಅಕ್ಕನಿಗೂ ಒಂದು ಮನೆ ಬಂತು. ಕೆಲವು ತಿಂಗಳ ಬಳಿಕ ಹೋದಾಗ ಅದಕ್ಕೆ ಬೀಗ! ಅವಳು ಹಳೆಯ ಊರಿನಲ್ಲಿ ಬಿದ್ದ ಗೋಡೆಯನ್ನೆತ್ತಿ ಕಟ್ಟಿಕೊಂಡಿದ್ದಳು. ಹಾಗೆ ಮರಳಿದವರು ಅವಳೊಬ್ಬಳೇ ಅಲ್ಲ. “ಗಟ್ಟಿ ಮನೆ ಬಿಟ್ಟು ಮತ್ತೆ ಹೊಳೆಯ ಬಾಯಿಗೆ ಬಂದೆಯಲ್ಲ” ಎಂದು ಗದರಿದೆ.

ಅವಳೆಂದಳು: “ಛಾವಣಿ ಏನೋ ಕೊಟ್ಟಾರ ತಮ್ಮಾ, ಸುಳ್ಳ್ಯಾಕ ಹೇಳ್ಲಿ? ಆದ್ರ ಎಮ್ಮಿ ಎಲ್ಲಿ ಕಟ್ಟಲಿ? ಬಣವಿ ಎಲ್ಲಿ ಒಟ್ಟಲಿ? ಹೊಲಕ್ಕ ಹೋಗಿ ಬರೂದ್ರಾಗ ಹೊತ್ತು ಮುಳಗತೈತಿ.”

ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಅವಳದು ಹಟವೆಂದೇ ಬಗೆದು ಊರಿಗೆ ಮರಳಿದೆ.

2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂತು. ಆ ರಾತ್ರಿ ಮೊಮ್ಮಗ ಅವಳನ್ನು ಎತ್ತಿಕೊಂಡು ಹೊರಬಿದ್ದ. ಕಣ್ಣಿ ಬಿಚ್ಚಿ ಬಿಟ್ಟ ಎರಡು ಎಮ್ಮೆಗಳಲ್ಲಿ ಒಂದು ತಿರುಗಿ ಬರಲಿಲ್ಲ. ಪೂರ್ತಿ ಬಿದ್ದ ಮನೆಗಳಿಗೆ ಸರ್ಕಾರ ಆ ವರ್ಷ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಸಾರಿತು. ಅದು ಸಣ್ಣ ಮೊತ್ತವೇನಲ್ಲ. ಆದರೆ ಎಮ್ಮೆಯನ್ನು ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈ ಪ್ರಶ್ನೆ ನಮ್ಮ ನಾಡಿನದು ಮಾತ್ರವಲ್ಲ. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಜರ್ಮನಿಯ ನಗರಗಳು ನೆಲಕಚ್ಚಿ, ಅಲ್ಲಿ ಮನೆಗಳ ತೀವ್ರ ಕ್ಷಾಮ ತಲೆದೋರಿತ್ತು. 1951ರಲ್ಲಿ ಡಾರ್ಮ್‌ಸ್ಟಾಟ್ ನಗರದಲ್ಲಿ ಉಪನ್ಯಾಸವಿತ್ತ ತತ್ತ್ವಜ್ಞ ಹೈಡೆಗ್ಗರ್, ಕಟ್ಟುವುದೆಂಬ ಅರ್ಥದ ಜರ್ಮನ್ ಪದಕ್ಕೆ ಮೂಲದಲ್ಲಿ ನೆಲಸುವುದೆಂಬ ಅರ್ಥವಿತ್ತೆಂದು ತೋರಿಸಿದ. ಉಳುಮೆ ಮಾಡುವುದೂ ಆ ಪದದ ಅರ್ಥಗಳಲ್ಲೊಂದು. ಮನೆಗಳ ಕೊರತೆಗಿಂತ ನೆಲಸುವ ಬಗೆಯನ್ನು ಮರೆತಿರುವುದೇ ಹಿರಿಯ ಕೊರತೆಯೆಂಬುದು ಅವನ ವಾದ. ನಮ್ಮ ‘ಒಕ್ಕಲು’ ನುಡಿಯುವುದೂ ಇದನ್ನೇ ಅಲ್ಲವೆ? ಹಾಗೆಂದು ತತ್ತ್ವ ನುಡಿದು ಕಟ್ಟದೆ ಕೂರುವಂತಿಲ್ಲ. ಜರ್ಮನರೂ ಲಕ್ಷ ಲಕ್ಷ ಮನೆಗಳನ್ನು ಕಟ್ಟಿದರು. ನಾನು ಹೇಳುವುದಿಷ್ಟೆ: ಅಡಿಗಲ್ಲಿಡುವ ಮುನ್ನ ಅಲ್ಲಿ ಬಾಳುವವರನ್ನು ಕೇಳಬೇಕು. ಗಜೇಂದ್ರಗಡದ ನೇಕಾರನಿಗೆ ಮಗ್ಗ ಹೂಡಲು ಎಡೆಯಿಲ್ಲದ ಮನೆ ಅರ್ಧ ಮನೆ. ಹೊಳೆಸಾಲಿನ ಒಕ್ಕಲಿಗನಿಗೆ ಕೊಟ್ಟಿಗೆಯಿಲ್ಲದ ಮನೆಯೂ ಅಷ್ಟೆ.

ಪ್ರವಾಹ ಇಳಿದ ಮೇಲೆ ಅಕ್ಕನ ಮಗ ನವಗ್ರಾಮದ ಮನೆಯ ಪಕ್ಕಕ್ಕೆ ತಗಡಿನ ಕೊಟ್ಟಿಗೆಯೊಂದನ್ನು ಇಳಿಸಿದ. ಉಳಿದ ಎಮ್ಮೆಯನ್ನು ಅಲ್ಲಿ ಕಟ್ಟಿದ ದಿನ ಅಕ್ಕ ಬೀಗ ತೆಗೆದು, ಒಲೆ ಹೂಡಿ, ಹಾಲುಕ್ಕಿಸಿದಳು. ಹೊಲ ಈಗಲೂ ದೂರವೇ. ಆದರೂ ವರ್ಷಗಟ್ಟಲೆ ಮುಚ್ಚಿದ್ದ ಆ ಮನೆಗೆ ಅಂದು ಮನೆಯೊಕ್ಕಲು ಆಯಿತು. ಗದರಿದ್ದ ನಾನು ಹೊಸ್ತಿಲಲ್ಲಿ ತಲೆತಗ್ಗಿಸಿ ನಿಂತಿದ್ದೆ.