ಕಡಲೂರಿನ ಒಂದು ದಿನ: ಹತ್ತು ನಿಮಿಷದ ಚಿತ್ರ ಮಾಡೋಣ

(ವೇದಿಕೆಯ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಊಟಕ್ಕೆ ಮುಂಚೆ ಮಾತಾಡೋಕೆ ನಿಲ್ಲಿಸಿದ್ದಾರೆ, ಚಿಕ್ಕದಾಗಿ ಮುಗಿಸ್ತೀನಿ. ನಮ್ಮ ವೇದಿಕೆಯಿಂದ ಮುಂದಿನ ವರ್ಷ ಒಂದು ಸಾಕ್ಷ್ಯಚಿತ್ರ ಮಾಡೋಣ. ಹತ್ತು ನಿಮಿಷದ್ದು ಸಾಕು. ವಿಷಯ: ಸ್ಖೇವನಿಂಗನ್ ಊರಿನ ಒಂದು ಸಾಮಾನ್ಯ ದಿನ.

"ಅಲ್ಲಿಯ ವಿಡಿಯೊ ಎಲ್ಲರ ಮೊಬೈಲಲ್ಲೂ ಇದೆಯಲ್ಲ" ಅಂತ ನೀವು ಅನ್ನಬಹುದು. ಇದೆ. ಪಿಯರ್ ಮುಂದೆ ನಾವು, ಕೂರ್‌ಹೌಸ್ ಮುಂದೆ ನಾವು, ಫ್ರೈಸ್ ಪೊಟ್ಟಣ ಹಿಡಿದು ನಾವು. ಊರಿಗೆ ಕಳಿಸ್ತೀವಿ, ಅಮ್ಮ ನೋಡಿ ಖುಷಿಪಡ್ತಾರೆ. ಆದರೆ ಅಲ್ಲಿ ದುಡಿಯೋ ಜನ ಅದರಲ್ಲಿ ಕಾಣೋದಿಲ್ಲ. ದುಡಿಯೋಕೇ ಈ ದೇಶಕ್ಕೆ ಬಂದ ನಾವು ಅವರನ್ನು ನೋಡದೆ ಇದ್ದರೆ ಹೇಗೆ?

ಈ ಊರನ್ನು ಹೀಗೆ ದಾಖಲಿಸುವ ಕೆಲಸ ಸಿನಿಮಾ ಹುಟ್ಟೋಕೆ ಮುಂಚೆಯೇ ನಡೆದಿದೆ. ಹೇಗ್ ನಗರದ ಪನೋರಮಾ ಮೆಸ್ಡಾಖ್ ಇನ್ನೂ ನೋಡದವರು ಒಮ್ಮೆ ಹೋಗಿಬನ್ನಿ. 1881ರಲ್ಲಿ ಹೆಂಡ್ರಿಕ್ ವಿಲ್ಲೆಮ್ ಮೆಸ್ಡಾಖ್, ಅವರ ಪತ್ನಿ ಸೀನ್ತ್ಯೆ ಮತ್ತು ಕೆಲವು ಕಲಾವಿದರು ಸೇರಿ ಬಿಡಿಸಿದ ದುಂಡಗಿನ ಚಿತ್ರ ಅದು. ಎತ್ತರ ಸುಮಾರು 14 ಮೀಟರ್, ಸುತ್ತಳತೆ ಸುಮಾರು 120 ಮೀಟರ್. ಮರಳುದಿಬ್ಬದ ಮೇಲೆ ನಿಂತು ಸುತ್ತ ತಿರುಗಿ ನೋಡಿದ ಹಾಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಳ್ಳಿಯ ಮನೆಗಳು, ದಡದಲ್ಲಿ ಚಪ್ಪಟೆ ತಳದ ಮೀನುಗಾರಿಕೆ ದೋಣಿಗಳು. ಆಗ ಬಂದರು ಇರಲಿಲ್ಲ, ದೋಣಿಗಳನ್ನು ಮರಳಿನ ಮೇಲಕ್ಕೇ ಎಳೆದು ನಿಲ್ಲಿಸುತ್ತಿದ್ದರು. 1894ರ ಬಿರುಗಾಳಿಯಲ್ಲಿ ಅಂಥ ಎಷ್ಟೋ ದೋಣಿಗಳು ಒಡೆದುಹೋದವು. 1904ರಲ್ಲಿ ಬಂದರು ಬಂತು, ದಡದ ದೋಣಿಗಳ ಕಾಲ ಮುಗಿಯಿತು. ಆ ಬದುಕು ಹೇಗಿತ್ತು ಅಂತ ಇವತ್ತು ನಮಗೆ ಕಾಣೋದು ಯಾರೋ ಕೂತು ಬರೆದಿಟ್ಟಿದ್ದರಿಂದ.

ಸಿನಿಮಾದಲ್ಲಿ ನಮಗೆ ಮಾದರಿ ಇದೇ ದೇಶದ ಬೆರ್ಟ್ ಹಾನ್ಸ್ಟ್ರಾ. ಅವರ 'ಗ್ಲಾಸ್' 1958ರದ್ದು, ಸುಮಾರು ಹತ್ತು ನಿಮಿಷ. ಗಾಜು ಊದುವ ಕಾರ್ಮಿಕರ ಕೈ, ಕೆನ್ನೆ, ಉಸಿರು, ಆಮೇಲೆ ಯಂತ್ರ. ವಿವರಣೆಯ ಮಾತೇ ಇಲ್ಲ. ಅದಕ್ಕೆ ಆಸ್ಕರ್ ಬಂತು. ಭಾಷೆ ಅಷ್ಟಾಗಿ ಬಾರದ ನಮ್ಮಂಥವರಿಗೆ ಇದು ಧೈರ್ಯ ಕೊಡೋ ಸಂಗತಿ: ಕೆಲಸವನ್ನು ಹತ್ತಿರದಿಂದ ತೋರಿಸಿದರೆ ಮಾತು ಕಡಿಮೆ ಸಾಕು. ಅವರದೇ 'ಆಲ್ಲೆಮಾನ್' 1963ರಲ್ಲಿ ಬಂತು. ಅದರಲ್ಲಿ ಕ್ಯಾಮೆರಾ ಬಚ್ಚಿಟ್ಟು ಡಚ್ಚರ ದಿನಬಳಕೆಯ ಬದುಕನ್ನು ಹಿಡಿದರು. ಸಮುದ್ರತೀರದಲ್ಲಿ ಜನ ಬಟ್ಟೆ ಬದಲಿಸೋಕೆ ಪಡುವ ಪಾಡು ನೋಡಿದರೆ ನಗು ಬರುತ್ತೆ. 'ಗ್ಲಾಸ್' ಕಲಿಸುವುದನ್ನು ಕಲಿಯೋಣ, ಬಚ್ಚಿಟ್ಟ ಕ್ಯಾಮೆರಾ ಮಾತ್ರ ನಮಗೆ ಬೇಡ.

ಯಾಕೆ ಬೇಡ? ಬೀಚಿನ ಕೆಫೆಯ ಹಿಂಬಾಗಿಲಲ್ಲಿ ಪಾತ್ರೆ ತೊಳೆಯುವವರಲ್ಲಿ, ಹೋಟೆಲ್ ಹಾಸಿಗೆ ಬದಲಿಸುವವರಲ್ಲಿ ನಮ್ಮ ಹಾಗೆ ಹೊರಗಿಂದ ಬಂದವರೂ ಇರ್ತಾರೆ. ಒಬ್ಬರಿಗೆ ಕಾಗದಪತ್ರದ ಚಿಂತೆ, ಇನ್ನೊಬ್ಬರು ಮನೆಯವರಿಗೆ ತಾನು ಮಾಡೋ ಕೆಲಸ ಏನು ಅಂತ ಹೇಳಿರೋದಿಲ್ಲ. ನಮಗೆ ಒಳ್ಳೆ ಶಾಟ್ ಆದದ್ದು ಅವರಿಗೆ ತೊಂದರೆ ಆಗಬಹುದು. ಅದಕ್ಕೆ ಮೊದಲು "ಮಾಖ್ ಇಕ್ ಫಿಲ್ಮೆನ್?" ಅಂತ ಕೇಳೋಣ. ಚಿತ್ರವನ್ನು ಎಲ್ಲಿ ತೋರಿಸ್ತೀವಿ ಅಂತಲೂ ಹೇಳೋಣ. ಬೇಡ ಅಂದರೆ ಅಲ್ಲಿಗೆ ಮುಗೀತು. ಮುಖ ಬೇಡ, ಕೈ ಪರವಾಗಿಲ್ಲ ಅಂದರೆ ಕೈಯನ್ನೇ ತೆಗೆಯೋಣ. ಮಕ್ಕಳ ಚಿತ್ರಕ್ಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು.

ಈಗ ಕೆಲಸದ ಮಾತು. ದೊಡ್ಡ ಕ್ಯಾಮೆರಾ ಬೇಡ, ಮೊಬೈಲ್ ಸಾಕು. ಖರ್ಚು ಮಾಡೋದಾದರೆ ಮೈಕಿಗೆ ಮಾಡಿ, ಅದಕ್ಕೆ ತುಪ್ಪಳದ ಹೊದಿಕೆ ಹಾಕಿ. ಇಲ್ಲದಿದ್ದರೆ ಉತ್ತರ ಸಮುದ್ರದ ಗಾಳಿ ಎಲ್ಲಾ ಮಾತನ್ನೂ ನುಂಗುತ್ತೆ. ಇಲ್ಲೂ ನಮ್ಮ ಮಲ್ಪೆ ಹಾಗೆ ಸಮುದ್ರ ಪಡುವಣಕ್ಕೇ ಇರೋದು. ಸಂಜೆ ಸಮುದ್ರದ ಕಡೆ ಕ್ಯಾಮೆರಾ ಹಿಡಿದರೆ ಜನ ಕಪ್ಪು ನೆರಳಾಗ್ತಾರೆ. ಸೂರ್ಯನಿಗೆ ಬೆನ್ನು ಹಾಕಿ ಊರಿನ ಕಡೆ ತಿರುಗಿ, ಮುಖಗಳು ಸಿಗ್ತವೆ. ಒಂದೊಂದು ಶಾಟನ್ನೂ ಕೈ ಅಲ್ಲಾಡಿಸದೆ ಹತ್ತು ಸೆಕೆಂಡಾದರೂ ಹಿಡಿಯಿರಿ.

ಜಾಗ ನಾಲ್ಕು ಸಾಕು: ಬಂದರು, ಮೀನಂಗಡಿ, ಬೀಚಿನ ಕೆಫೆ, ಟ್ರಾಮ್. ಬೀಚಿನ ಕೆಫೆಗಳಲ್ಲಿ ಹೆಚ್ಚಿನವನ್ನು ವಸಂತದಲ್ಲಿ ಕಟ್ಟಿ, ಚಳಿಗಾಲಕ್ಕೆ ಮುಂಚೆ ಬಿಚ್ಚಿಡ್ತಾರೆ. ಆ ಕಟ್ಟುವ ಕೆಲಸದಿಂದಲೇ ಶುರು ಮಾಡಬಹುದು. ಜೂನ್ ತಿಂಗಳನ್ನು ಬಿಡಬಾರದು, ಹೊಸ ಹೆರಿಂಗ್ ಮೀನು ಬಂದು ಬಂದರಿನಲ್ಲಿ ಬಾವುಟದ ಹಬ್ಬ ನಡೆಯೋದು ಆಗಲೇ. ಅದೇ ಜೂನ್, ಜುಲೈನಲ್ಲಿ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ದಕ್ಕೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರ್ತವೆ. ಕರಾವಳಿಯ ಗೆಳೆಯರು ಊರಿಗೆ ಹೋದಾಗ ಅದನ್ನು ಎರಡು ನಿಮಿಷ ತೆಗೆದು ತಂದರೆ ಎರಡೂ ಕಡಲನ್ನು ಅಕ್ಕಪಕ್ಕ ಇಡಬಹುದು.

ಯಾರಿಗೂ ಬಿಡುವಿಲ್ಲ, ಗೊತ್ತು. ಹಾಗಾಗಿ ಹಂಚಿಕೊಳ್ಳೋಣ. ನೈಟ್ ಶಿಫ್ಟ್ ಮುಗಿಸಿ ಬರೋರು ನಸುಕಿನ ಬಂದರು ನೋಡಿಕೊಳ್ಳಲಿ. ಡಚ್ ಚೆನ್ನಾಗಿ ಬರುವ ನಮ್ಮ ಮಕ್ಕಳು ಒಪ್ಪಿಗೆ ಕೇಳಲಿ, ಕೆಳಗಿನ ಕನ್ನಡ ಸಾಲುಗಳನ್ನೂ ಅವರೇ ಬರೆಯಲಿ, ಕನ್ನಡ ಬರವಣಿಗೆ ಅಭ್ಯಾಸವಾಗುತ್ತೆ. ಚಿತ್ರ ಸಿದ್ಧವಾದಾಗ ಮೊದಲ ಪ್ರದರ್ಶನಕ್ಕೆ ಅದರಲ್ಲಿ ಕಾಣಿಸಿಕೊಂಡವರನ್ನೇ ಕರೆಯೋಣ, ಒಂದು ಊಟ ಹಾಕೋಣ.

ಸೇರುವವರು ಇವತ್ತೇ ಕಾರ್ಯದರ್ಶಿಯವರ ಹತ್ತಿರ ಹೆಸರು ಬರೆಸಿ. ಇನ್ನು ಊಟಕ್ಕೆ ಏಳೋಣ.