ಮರಳಿನ ಸಂದಿಯಲ್ಲಿ ನೀರು

ನೆಲದ ಮೇಲೆ ಹರಿಯುವ ನದಿಗಳನ್ನು ಕುರಿತು ಹಾಡಿದವರೂ ಅಳೆದವರೂ ಪುರಾತನ ಕಾಲದಿಂದ ಬಹುಮಂದಿ ಇದ್ದಾರೆ. ಆದರೆ ಮರಳಿನ ಕಣಗಳ ನಡುವೆಯೂ ಶಿಲೆಯ ಸೂಕ್ಷ್ಮರಂಧ್ರಗಳೊಳಗೂ ಕಣ್ಣಿಗೆ ಬೀಳದೆ ನುಸುಳಿ ಸಾಗುವ ನೀರಿಗೂ ಒಂದು ಸರಳವಾದ ನಿಯಮವುಂಟೆಂಬುದು ಪ್ರಯೋಗದಿಂದ ಸಿದ್ಧಪಟ್ಟದ್ದು ಹತ್ತೊಂಬತ್ತನೆಯ ಶತಮಾನದ ನಡುವೆ, ಫ್ರಾನ್ಸ್ ದೇಶದ ದಿಜೋನ್ ನಗರದ ಆಸ್ಪತ್ರೆಯೊಂದರಲ್ಲಿ.

ಆ ನಿಯಮಕ್ಕೆ ತನ್ನ ಹೆಸರನ್ನು ಕೊಟ್ಟ ಹೆನ್ರಿ ಡಾರ್ಸಿ 1803ರಲ್ಲಿ ಅದೇ ಊರಿನಲ್ಲಿ ಜನಿಸಿದವನು; ವೃತ್ತಿಯಿಂದ ಸರ್ಕಾರದ ಇಂಜಿನಿಯರು. ಮಲಿನವಾದ ಬಾವಿಗಳನ್ನೇ ನಂಬಿ ಬಾಳುತ್ತಿದ್ದ ತನ್ನೂರಿಗೆ, ಹನ್ನೆರಡು ಕಿಲೋಮೀಟರಿಗೂ ದೂರದ ರೊಸ್ವಾರ್ ಎಂಬ ಚಿಲುಮೆಯಿಂದ, ಯಾವ ಯಂತ್ರದ ಹಂಗೂ ಇಲ್ಲದೆ ಕೇವಲ ಇಳಿಜಾರಿನ ಬಲದಿಂದ, ಮುಚ್ಚಿದ ಕಾಲುವೆಯಲ್ಲಿ 1840ರಲ್ಲಿ ಅವನು ನೀರನ್ನು ತಂದನು. ಅದಕ್ಕೆ ಅವನು ಹಣದ ಪ್ರತಿಫಲವನ್ನು ಸ್ವೀಕರಿಸಲಿಲ್ಲ. ಒಪ್ಪಿಕೊಂಡದ್ದು ಒಂದು ಚಿನ್ನದ ಪದಕವನ್ನು. ಮರಳಿನ ಪ್ರಶ್ನೆ ಉದ್ಭವಿಸಿದ್ದು ಅದಾದ ಮೇಲೆ. ನಗರಗಳ ನೀರನ್ನು ಮರಳಿನ ಹಾಸಿನಲ್ಲಿ ಸೋಸುವ ರೂಢಿ ಹಬ್ಬುತ್ತಿದ್ದ ಕಾಲವದು. ಇಷ್ಟು ನೀರನ್ನು ಸೋಸುವುದಕ್ಕೆ ಎಷ್ಟು ವಿಸ್ತಾರದ, ಎಷ್ಟು ದಪ್ಪದ ಹಾಸು ಬೇಕೆಂಬುದಕ್ಕೆ ಖಚಿತವಾದ ಲೆಕ್ಕ ಯಾರಲ್ಲಿಯೂ ಇರಲಿಲ್ಲ.

1855ರಲ್ಲಿ, ದೇಹಾರೋಗ್ಯ ಕೆಟ್ಟಿದ್ದ ಡಾರ್ಸಿಯು ಶಾರ್ಲ್ ರಿಟರ್ ಎಂಬ ಇಂಜಿನಿಯರನ ನೆರವಿನಿಂದ, 35 ಸೆಂಟಿಮೀಟರ್ ವ್ಯಾಸದ, ಆಳೆತ್ತರವನ್ನು ಮೀರಿದ ಕಬ್ಬಿಣದ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಅದರೊಳಗೆ ಸೋನ್ ನದಿಯ ಮರಳನ್ನು ತುಂಬಿ, ಆಸ್ಪತ್ರೆಯ ನಲ್ಲಿಯಿಂದಲೇ ನೀರು ಬಿಟ್ಟನು. ಮೇಲೂ ಕೆಳಗೂ ಪಾದರಸದ ಒತ್ತಡಮಾಪಕಗಳು. ತಳದಿಂದ ಇಳಿದ ನೀರನ್ನು ಹಿಡಿದು ಅಳೆಯುವುದಕ್ಕೆ ತೊಟ್ಟಿ. ರೋಗಿಗಳ ಕಡೆಯ ನಲ್ಲಿಗಳನ್ನು ಯಾರಾದರೂ ತಿರುಗಿಸಿದೊಡನೆ ಮಾಪಕದ ಪಾದರಸ ಓಲಾಡತೊಡಗುತ್ತಿತ್ತಂತೆ. ಆ ಓಲಾಟದ ನಡುವಿನಿಂದಲೇ ಅವರು ಸರಾಸರಿಯನ್ನು ಹೆಕ್ಕಿ ತೆಗೆಯಬೇಕಾಯಿತು. ಮುಂದಿನ ಫೆಬ್ರವರಿಯಲ್ಲಿ ರಿಟರ್ ಒಬ್ಬನೇ ಇನ್ನಷ್ಟು ಪ್ರಯೋಗಗಳನ್ನು ನಡೆಸಿದನು. ಫಲಿತಾಂಶವಿಷ್ಟೆ: ಮೇಲಿನ ಮತ್ತು ಕೆಳಗಿನ ನೀರಿನ ಮಟ್ಟಗಳ ಅಂತರ ಇಮ್ಮಡಿಯಾದರೆ ಹರಿವೂ ಇಮ್ಮಡಿ, ಮರಳಿನ ದಪ್ಪ ಇಮ್ಮಡಿಯಾದರೆ ಹರಿವು ಅರ್ಧ, ಉಳಿದುದನ್ನೆಲ್ಲ ಆಯಾ ಮರಳಿನ ಸ್ವಭಾವವನ್ನು ಹೇಳುವ ಒಂದು ಗುಣಾಂಕ ಹೊರುತ್ತದೆ. ಇಷ್ಟು ಮಹತ್ತ್ವದ ಮಾತು ಅಚ್ಚಾದದ್ದು, 1856ರಲ್ಲಿ ಹೊರಬಂದ, ದಿಜೋನ್ ನಗರದ ಸಾರ್ವಜನಿಕ ಚಿಲುಮೆಗಳನ್ನು ಕುರಿತ ದಪ್ಪ ಗ್ರಂಥದ ಒಂದು ಅನುಬಂಧದಲ್ಲಿ! ಎರಡು ವರ್ಷ ತುಂಬುವ ಮೊದಲೇ, 1858ರ ಜನವರಿಯಲ್ಲಿ, ಡಾರ್ಸಿ ತೀರಿಕೊಂಡನು.

ಡಾರ್ಸಿಯ ಜಾಣತನವಿದ್ದದ್ದು ರಂಧ್ರದೊಳಗೆ ಇಣುಕದೆ ಇದ್ದುದರಲ್ಲಿ ಎಂದು ನನ್ನ ಅಭಿಪ್ರಾಯ. ಒಂದೊಂದು ಸಂದಿನಲ್ಲಿ ನೀರಿನ ಹಾದಿ ಎಷ್ಟು ವಕ್ರವೋ, ಅದನ್ನು ಹಿಂಬಾಲಿಸಹೊರಟವನು ಎಂದಿಗೂ ಮರಳಿ ಬರಲಾರನು. ಅಸಂಖ್ಯಾತ ಸಂದಿಗಳ ಒಟ್ಟು ವ್ಯವಹಾರವನ್ನಾದರೋ ಒಂದೇ ಗುಣಾಂಕದಲ್ಲಿ ಅಡಗಿಸಬಹುದು. ಒಂದು ಸಂದಿಯ ಕತೆಯನ್ನು ಕೆಲವು ವರ್ಷಗಳ ಮುಂಚೆಯೇ ಪ್ಯಾರಿಸಿನ ವೈದ್ಯ ಪ್ವಾಸೆಯ್ ಬೇರೊಂದು ನಿಮಿತ್ತದಿಂದ ಅರಸಿದ್ದನು. ರಕ್ತನಾಳಗಳ ಚಿಂತೆಯಲ್ಲಿ ತೊಡಗಿದ್ದ ಆತನು ಗಾಜಿನ ಅತಿಸೂಕ್ಷ್ಮ ನಳಿಗೆಗಳಲ್ಲಿ ನೀರು ಹರಿಸಿ, ನಳಿಗೆಯ ವ್ಯಾಸ ಅರ್ಧವಾದರೆ ಹರಿವು ಹದಿನಾರರಲ್ಲೊಂದು ಪಾಲಿಗೆ ಇಳಿಯುವುದನ್ನು ಕಂಡುಕೊಂಡನು. ಕಿರಿದಾದ ದಾರಿಯಲ್ಲಿ ನೀರಿನ ಸ್ನಿಗ್ಧತೆ ಅದರ ವೇಗಾವೇಶವನ್ನು ಪೂರ್ತಿಯಾಗಿ ಅದುಮಿಬಿಡುತ್ತದೆ; ಜೇಡಿಗಿಂತ ಮರಳು ಅಷ್ಟೊಂದು ಧಾರಾಳವಾಗಿ ನೀರು ಬಿಡುವುದಕ್ಕೂ, ಡಾರ್ಸಿಯ ಲೆಕ್ಕ ಅಷ್ಟು ನೇರವಾಗಿ ಹೊಂದುವುದಕ್ಕೂ ಮೂಲ ಇಲ್ಲಿದೆ.

ಇಪ್ಪತ್ತನೆಯ ಶತಮಾನದವರು ಮಾತ್ರ ರಂಧ್ರದ ಒಳಗೇ ಇಳಿಯಬೇಕಾಯಿತು. ಏಕೆಂದರೆ ಹೊಲದ ಮಣ್ಣಿನಲ್ಲಿ ನೀರಿನ ಜೊತೆಗೆ ಗಾಳಿಯೂ, ತೈಲಶಿಲೆಯಲ್ಲಿ ನೀರಿನೊಡನೆ ಎಣ್ಣೆಯೂ ಸಂದಿಗಳನ್ನು ಹಂಚಿಕೊಂಡಿರುತ್ತವೆ. ಅಮೆರಿಕದ ಬಕಿಂಗ್‌ಹ್ಯಾಮ್ 1907ರಲ್ಲಿ, ಅರೆತೇವದ ಮಣ್ಣು ನೀರನ್ನು ಸೆಳೆದು ಹಿಡಿಯುವ ಬಲವನ್ನು ಲೆಕ್ಕಕ್ಕೆ ತಂದನು. 1931ರಲ್ಲಿ ರಿಚರ್ಡ್ಸ್ ಅದಕ್ಕೆ ಸಮೀಕರಣದ ರೂಪವನ್ನು ಕೊಟ್ಟನು. ಇವುಗಳ ನಡುವೆ, 1930ರಲ್ಲಿ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕೇಂದ್ರದ ಹೇನ್ಸ್ ತೋರಿಸಿದ ಸಂಗತಿ ನನಗೆ ಬಹಳ ಪ್ರಿಯವಾದದ್ದು: ಮಣ್ಣು ಒಣಗುವಾಗ ರಂಧ್ರಗಳು ನಯವಾಗಿ ಬರಿದಾಗುವುದಿಲ್ಲ, ಇಕ್ಕಟ್ಟಾದ ಕತ್ತಿನಲ್ಲಿ ನೀರಿನ ಪೊರೆ ಪಟ್ಟುಹಿಡಿದು ನಿಂತು, ಸೆಳೆತ ಮಿತಿಮೀರಿದ ಕ್ಷಣದಲ್ಲಿ ಒಮ್ಮೆಗೇ ಹಿಂದಕ್ಕೆ ಜಿಗಿಯುತ್ತದೆ. ಆದಕಾರಣ ಅದೇ ಸೆಳೆತಕ್ಕೆ, ಒಣಗುತ್ತಿರುವ ಮಣ್ಣಿನಲ್ಲಿರುವಷ್ಟು ನೀರು ನೆನೆಯುತ್ತಿರುವ ಮಣ್ಣಿನಲ್ಲಿರುವುದಿಲ್ಲ. 1956ರಲ್ಲಿ, ಡಾರ್ಸಿಯ ಗ್ರಂಥಕ್ಕೆ ನೂರು ತುಂಬಿದ ವರ್ಷವೇ, ಅರ್ವಿಂಗ್ ಫ್ಯಾಟ್ ಶಿಲೆಯನ್ನು ಒಂದಕ್ಕೊಂದು ಹೆಣೆದ ಸಣ್ಣ ನಳಿಗೆಗಳ ಬಲೆಯಾಗಿ ಭಾವಿಸಿ ಲೆಕ್ಕ ಹಾಕಿದನು. ಇಂದು ಕ್ಷಕಿರಣಗಳಿಂದ ಶಿಲೆಯ ಒಳಗಿನ ಸಂದುಗೊಂದಿಗಳ ನಕ್ಷೆಯನ್ನೇ ತೆಗೆಯುತ್ತಾರೆ. ಹೇನ್ಸ್ ಊಹಿಸಿದ ಜಿಗಿತವನ್ನು ಕಣ್ಣಾರೆ ಕಾಣುತ್ತಾರೆ.

ಆದರೂ ನಮ್ಮ ಬಯಲುಸೀಮೆಯ ಎರೆಹೊಲಕ್ಕೆ ಈ ಲೆಕ್ಕಗಳು ಸುಲಭವಾಗಿ ಮಣಿಯವು. ಬೇಸಗೆಯಲ್ಲಿ ಬಾಯ್ಬಿಟ್ಟ ಬಿರುಕುಗಳಲ್ಲಿ ಮೊದಲ ಮಳೆಯ ನೀರು ಸರ್ರನೆ ಇಳಿಯುತ್ತದೆ; ಜೇಡಿ ಉಬ್ಬಿ ಬಿರುಕು ಮುಚ್ಚಿದ ಮೇಲೆ ಅದೇ ಹೊಲದಲ್ಲಿ ನೀರು ಮಡುಗಟ್ಟುತ್ತದೆ. ಅಲ್ಲಿ ಡಾರ್ಸಿಯ ಗುಣಾಂಕವನ್ನು ಒಮ್ಮೆ ಅಳೆದು ಬರೆದಿಟ್ಟರೆ ಸಾಲದು, ಮಣ್ಣು ನೆನೆದಂತೆಲ್ಲ ಮತ್ತೆ ಅಳೆಯಬೇಕು.